ಅರುವನಿಲ್ಲದ ವಂಶಾವಳಿ: ಕೊಡಗಿನ ಮನೆತನದ ಪುಸ್ತಕಗಳನ್ನು ಕುರಿತು

ಕೊಡಗಿನ ಎಷ್ಟೋ ಒಕ್ಕಗಳು ಕಳೆದ ಕೆಲವು ದಶಕಗಳಲ್ಲಿ ತಮ್ಮ ತಮ್ಮ ಮನೆತನದ ಪುಸ್ತಕಗಳನ್ನು ಖಾಸಗಿಯಾಗಿ ಅಚ್ಚು ಹಾಕಿಸಿವೆ. ವಂಶವೃಕ್ಷ, ಐನ್‌ಮನೆಯ ಛಾಯಾಚಿತ್ರ, ಹಿರಿಯರ ಭಾವಚಿತ್ರಗಳು, ಸೈನ್ಯದಲ್ಲಿ ದುಡಿದವರ ಪಟ್ಟಿ, ಕೊನೆಗೆ ಸದಸ್ಯರ ವಿಳಾಸಗಳು ಇವುಗಳಲ್ಲಿ ಕಾಣುವ ಸಾಮಾನ್ಯ ಸಾಮಗ್ರಿ. ಇವು ಅಂಗಡಿಯಲ್ಲಿ ಮಾರಾಟಕ್ಕೆ ಬರುವುದಿಲ್ಲ. ಮುಂಬಯಿ, ಚೆನ್ನೈ, ದೆಹಲಿಗಳಲ್ಲಿ ನೆಲೆಸಿದ ಕುಟುಂಬಗಳ ಮನೆಗಳಿಗೆ ಅಂಚೆಯ ಮೂಲಕ ಬಂದು, ಅಲ್ಲಿಯ ಕಪಾಟುಗಳಲ್ಲಿ ಮದುವೆಯ ಆಲ್ಬಮ್ಮುಗಳ ಪಕ್ಕದಲ್ಲಿ ನಿಲ್ಲುತ್ತವೆ. ಹೊರನಾಡಿನಲ್ಲಿರುವ ನಮ್ಮಂಥವರಿಗೆ ಇವು ನೋಡಲು ದೊರೆತದ್ದು ಅಂಥ ಮನೆಗಳಲ್ಲಿಯೇ. ಸಾಹಿತ್ಯ ವಿಮರ್ಶೆ ಇವುಗಳತ್ತ ಕಣ್ಣೆತ್ತಿ ನೋಡಿಲ್ಲ. ಇತಿಹಾಸದ ವಿದ್ಯಾರ್ಥಿಗಳು ಒಂದು ಹೆಸರನ್ನೋ ಇಸವಿಯನ್ನೋ ಹುಡುಕಿಕೊಂಡು ಮುಚ್ಚಿಡುತ್ತಾರೆ. ಇವನ್ನು ಮೊದಲಿನಿಂದ ಕೊನೆಯವರೆಗೆ ಕೃತಿಗಳೆಂದೇ ಓದಿದರೆ ಏನು ಕಾಣುತ್ತದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ನಾವು ಯತ್ನಿಸಿದ್ದೇವೆ.

ಕೊಡಗಿನ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ಒಬ್ಬ ಮೂಲಪುರುಷನಿಂದ ಗಂಡುಸಂತತಿಯ ಮೂಲಕ ಇಳಿದುಬಂದ ಬಳಗವೇ ಒಕ್ಕ. ಆ ಮೂಲಪುರುಷನನ್ನು ಗುರುಕಾರೋಣನೆಂದು ಪೂಜಿಸುತ್ತಾರೆ. ಅಂಡ, ಇರ ಎಂದು ಕೊನೆಗೊಳ್ಳುವ ಹೆಸರುಗಳನ್ನು ಕೇಳಿದೊಡನೆ ಒಕ್ಕ ಯಾವುದೆಂದು ತಿಳಿಯುತ್ತದೆ. ಒಕ್ಕಕ್ಕೆ ಒಂದು ಐನ್‌ಮನೆ, ಅದರ ನಡುವೆ ನೆಲ್ಲಕ್ಕಿ ನಡುಬಾಡೆ, ಅಲ್ಲಿ ತೂಗುವ ದೀಪ, ಮನೆಯ ಬಳಿ ಹಿರಿಯರ ಗುಡಿಯಾದ ಕೈಮಡ. ಇಷ್ಟು ಎಲ್ಲ ಪುಸ್ತಕಗಳಲ್ಲಿಯೂ ಬರುತ್ತದೆ. ಆದರೆ ಅರುವ ಎಂಬ ಇನ್ನೊಂದು ಸ್ಥಾನದ ಬಗ್ಗೆ ಈ ಪುಸ್ತಕಗಳು ಹೇಳುವುದು ತೀರ ಕಡಿಮೆ. ನಮ್ಮ ವಿಮರ್ಶೆಯೆಲ್ಲ ನಿಂತಿರುವುದು ಆ ಸ್ಥಾನದ ಮೇಲೆ.

ಅರುವ ಎಂದರೆ ಅರಿತವನು. ಕನ್ನಡದ ಅರಿವು, ಅರಿಕೆಗಳ ಬೇರೇ ಇದರದೂ. ಅವನು ಆ ಒಕ್ಕದವನಲ್ಲ. ಸ್ನೇಹದ, ನೆರೆಹೊರೆಯ, ಪರಂಪರೆಯ ಸಂಬಂಧವಿರುವ ಬೇರೊಂದು ಒಕ್ಕದವನು. ಮದುವೆಯಲ್ಲಿ, ಪಾಲುಪಟ್ಟಿಯಲ್ಲಿ, ವ್ಯಾಜ್ಯದಲ್ಲಿ ಒಕ್ಕದ ಪರವಾಗಿ ಮಾತನಾಡಬೇಕಾದವನು ಅವನೇ. ಮದುವೆಯ ಸಮ್ಮಂದ ಕೊಡುವ ವಿಧಿಯಲ್ಲಿ ಎರಡು ಕಡೆಯ ಅರುವರು ಎದುರುಬದುರಾಗಿ ನಿಂತು ಪ್ರಶ್ನೋತ್ತರ ನಡೆಸುತ್ತಾರೆ. ಹುಡುಗಿಗೆ ಹೋಗುವ ಮನೆಯಲ್ಲಿ ಯಾವ ಯಾವ ಹಕ್ಕುಗಳಿವೆ ಎಂಬುದನ್ನು ಒಂದೊಂದಾಗಿ ಕೇಳಿ, ಹೇಳಿಸಿಕೊಂಡು, ಕೊನೆಗೆ ಹನ್ನೊಂದು ಹರಳುಗಳನ್ನು ಒಪ್ಪಿಸುತ್ತಾರೆ. ಕಾಗದವಿಲ್ಲ, ಸಹಿಯಿಲ್ಲ. ಮಾತು, ಹರಳು, ಕೇಳಿಸಿಕೊಂಡ ನೆರೆದ ಜನ ಇಷ್ಟೇ ದಾಖಲೆ. ಮುಂದೆ ತಕರಾರು ಬಂದರೆ ಅರುವನ ನೆನಪೇ ಸಾಕ್ಷಿ.

ಈ ವ್ಯವಸ್ಥೆಯ ಜಾಣ್ಮೆ ಎಲ್ಲಿದೆ ಎಂಬುದನ್ನು ಗಮನಿಸಬೇಕು. ಒಂದು ಮನೆತನದ ನೆನಪನ್ನು ಕಾಯುವ ಹೊಣೆಯನ್ನು ಇನ್ನೊಂದು ಮನೆತನಕ್ಕೆ ವಹಿಸಲಾಗಿದೆ. ಸ್ವಂತದವರು ಮರೆಯಲು ಬಯಸುವುದನ್ನು ಹೊರಗಿನವನು ಮರೆಯುವುದಿಲ್ಲ. ಉತ್ಪ್ರೇಕ್ಷೆ ಬಂದಾಗ ಸುಮ್ಮನೆ ತಲೆಯಾಡಿಸುವ ಅಗತ್ಯವೂ ಅವನಿಗಿಲ್ಲ. ಹಾಗೆಂದು ಅವನು ಅಪರಿಚಿತನೂ ಅಲ್ಲ. ಆ ಮನೆಯ ಮಾನ ಅವನ ಮಾತಿನಲ್ಲಿದೆ. ಇಂಥ ಸಾಕ್ಷಿಯ ಕಣ್ಣಿಗೆ ಬಿದ್ದು ಬಂದ ವಂಶಕಥನಕ್ಕೂ, ಅದಿಲ್ಲದೆ ಬರೆದ ವಂಶಕಥನಕ್ಕೂ ಇರುವ ಅಂತರವನ್ನು ಕೊಡಗಿನ ಬರವಣಿಗೆಯ ಚರಿತ್ರೆಯಲ್ಲಿಯೇ ತೋರಿಸಬಹುದು.

ಎರಡನೆಯ ಬಗೆಗೆ ಹಳೆಯ ನಿದರ್ಶನ ‘ರಾಜೇಂದ್ರನಾಮೆ’. ದೊಡ್ಡ ವೀರರಾಜೇಂದ್ರನು ಬರೆಯಿಸಿದ ಈ ಕನ್ನಡ ಗದ್ಯಕೃತಿ 1633ರಿಂದ 1807ರವರೆಗಿನ ಹಾಲೇರಿ ಅರಸರ ವೃತ್ತಾಂತವನ್ನು ಹೇಳುತ್ತದೆ. 1808ರಲ್ಲಿಯೇ ಅಬರ್‌ಕ್ರಾಂಬಿ ಎಂಬ ಇಂಗ್ಲಿಷ್ ಅಧಿಕಾರಿ ಅದನ್ನು ಇಂಗ್ಲಿಷಿಗೆ ತಿರುಗಿಸಿದನು. ಗಂಡುಸಂತಾನವಿಲ್ಲದ ಅರಸನಿಗೆ ತನ್ನ ಮಗಳು ದೇವಮ್ಮಾಜಿಯೇ ಪಟ್ಟವೇರಬೇಕೆಂಬ ಚಿಂತೆ ಇತ್ತು. ಕಂಪನಿ ಸರ್ಕಾರ ತನ್ನ ವಂಶವನ್ನೂ ತನ್ನ ಸೇವೆಯನ್ನೂ ನೆನಪಿಡಬೇಕೆಂಬ ಆತುರವೂ ಇತ್ತು. ಅವನು 1809ರಲ್ಲಿ ತೀರಿಕೊಂಡನು. 1811ರಲ್ಲಿ ಸೋದರ ಲಿಂಗರಾಜೇಂದ್ರನು ಆಕೆಯನ್ನು ಬದಿಗೆ ಸರಿಸಿ ತಾನೇ ಅರಸನಾದನು. ಗ್ರಂಥ ಉಳಿಯಿತು, ಅದನ್ನು ಬರೆಯಿಸಿದ ಉದ್ದೇಶ ಈಡೇರಲಿಲ್ಲ. ರಾಜೇಂದ್ರನಾಮೆಯ ಗದ್ಯ ಸ್ಪಷ್ಟವಾದುದು, ಇತಿಹಾಸಕ್ಕೆ ಅದು ಅಮೂಲ್ಯವಾದ ಆಕರ. ಆದರೂ ಅದು ಒಬ್ಬ ಯಜಮಾನನು ತನ್ನ ಮನೆಯ ಕಥೆಯನ್ನು ತಾನೇ ಹೇಳಿಸಿಕೊಂಡದ್ದು. ಅರಸನಿಗೆ ಅರುವನಿರಲಿಲ್ಲ.

ಮೊದಲನೆಯ ಬಗೆಗೆ ನಿದರ್ಶನವಾಗಿ ನಿಲ್ಲುವ ಕೃತಿ ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’. 1924ರಲ್ಲಿ ಪ್ರಕಟವಾದ ಇದು ಕೊಡವ ತಕ್ಕ್‌ನ ಪಾಟ್‌ಗಳನ್ನೂ ಪದ್ಧತಿಗಳನ್ನೂ ಕನ್ನಡ ಲಿಪಿಯಲ್ಲಿ ಸಂಗ್ರಹಿಸಿದ ಗ್ರಂಥ. ಚಿಣ್ಣಪ್ಪನವರು (1875-1931) ಸರ್ಕಾರಿ ನೌಕರಿಯಲ್ಲಿದ್ದವರು, ಸ್ವತಃ ಕವಿಗಳು. ಅದಕ್ಕೆ ಮುನ್ನ ಕೊಡಗನ್ನು ಕುರಿತು ಬರೆದ ಮೋಗ್ಲಿಂಗ್, ರಿಕ್ಟರ್ ಮೊದಲಾದವರು ಬೇರೆ ನಾಡಿನಿಂದ ಬಂದು ಬೇರೆ ನಾಡಿನವರಿಗಾಗಿ ಇಂಗ್ಲಿಷಿನಲ್ಲಿ ಬರೆದರು. ಚಿಣ್ಣಪ್ಪನವರು ಹಾಡುವವರ ಮಾತಿನಲ್ಲಿಯೇ, ಹಾಡುವವರಿಗೂ ಉಪಯೋಗಕ್ಕೆ ಬರುವಂತೆ ಬರೆದಿಟ್ಟರು. ಭಾರತದ ಒಂದು ಸಮುದಾಯದ ಮೌಖಿಕ ಪರಂಪರೆಯನ್ನು ಆ ಸಮುದಾಯದವರೇ ತಮ್ಮ ಭಾಷೆಯಲ್ಲಿ ಸಂಗ್ರಹಿಸಿದ ಆರಂಭದ ಕೃತಿಗಳಲ್ಲಿ ಇದು ಒಂದೆಂಬುದನ್ನು ಜಾನಪದ ವಿದ್ವಾಂಸರು ಒಪ್ಪಿದ್ದಾರೆ. ಆದರೆ ನಮ್ಮ ಗಮನ ಇರುವುದು ಬೇರೆ ಕಡೆ. ಈ ಪುಸ್ತಕ ನಡಿಕೇರಿಯಂಡ ಒಕ್ಕದ ಚರಿತ್ರೆಯಲ್ಲ. ಸಂಪಾದಕರು ತಮ್ಮ ಮನೆಯನ್ನು ಹಿಂದಿಟ್ಟು ನಾಡಿನ ಎಲ್ಲ ಮನೆಗಳ ಹಾಡನ್ನು ಮುಂದಿಟ್ಟರು. ಬೇರೆಯವರ ನೆನಪಿಗೆ ಹೊಣೆಯಾಗಿ ನಿಂತರು ಎಂಬ ಅರ್ಥದಲ್ಲಿ ಅವರು ಮಾಡಿದ್ದು ಅರುವನ ಕೆಲಸ.

ಆ ಪಾಟ್‌ಗಳ ಸ್ವಭಾವವೂ ಇದಕ್ಕೆ ಅನುಕೂಲವಾದುದು. ದುಡಿ ಹಿಡಿದ ನಾಲ್ವರು ಇಬ್ಬಿಬ್ಬರಾಗಿ ಹಾಡುತ್ತಾರೆ. ಒಂದು ಜೋಡಿ ಹೇಳಿದ ಸಾಲನ್ನು ಮತ್ತೊಂದು ಜೋಡಿ ಹಿಂದಿರುಗಿಸುತ್ತದೆ. ಸಾಲು ತಪ್ಪಿದರೆ ಅಲ್ಲಿಯೇ ತಿಳಿಯುತ್ತದೆ. ಪುತ್ತರಿಯಲ್ಲಿ ಹಾಡುಗಾರರು ಮನೆಯಿಂದ ಮನೆಗೆ ಹೋಗಿ ಮನೆ ಪಾಟ್ ಹಾಡಿದಾಗ, ಮದುವೆಯಲ್ಲಿ ಹಾಡಿದಾಗ, ಸಾವಿನ ಮನೆಯಲ್ಲಿ ಚಾವ್ ಪಾಟ್ ಹಾಡಿದಾಗ, ಆ ಮನೆಯ ಹೆಸರು, ಆ ವ್ಯಕ್ತಿಯ ಹೆಸರು ಹಾಡಿನ ಸಿದ್ಧ ಚೌಕಟ್ಟಿನೊಳಗೆ ಸೇರಿಕೊಳ್ಳುತ್ತವೆ. ಚೌಕಟ್ಟು ಎಲ್ಲರದು, ಹೆಸರು ಒಬ್ಬರದು. ಬಡವನ ಮನೆಗೂ ಸಿರಿವಂತನ ಮನೆಗೂ ಹೊಗಳಿಕೆಯ ಮಾತು ಬಹುಮಟ್ಟಿಗೆ ಒಂದೇ. ವ್ಯಕ್ತಿವೈಶಿಷ್ಟ್ಯ ಇಲ್ಲಿ ಕಡಿಮೆಯೆಂದು ಆಧುನಿಕ ಓದುಗನಿಗೆ ತೋರಬಹುದು, ಅದು ನಿಜವೂ ಹೌದು. ಹಾಡಿನಲ್ಲಿ ಬರುವ ಅಜ್ಜ ಯಾರ ಅಜ್ಜನಾದರೂ ಆಗಬಲ್ಲ. ಆದರೆ ಆ ಹೊಗಳಿಕೆಯನ್ನು ಹಾಡುತ್ತಿರುವವರು ಅಂಗಳಕ್ಕೆ ಬಂದ ಊರವರು ಎಂಬುದನ್ನು ಮರೆಯಬಾರದು. ಹೊಗಳಿಸಿಕೊಂಡವನು ನಾಳೆ ಅವರ ಅಂಗಳದಲ್ಲಿ ನಿಂತು ಹಾಡಬೇಕು.

ಅಚ್ಚಿಗೆ ಬಂದುದರಿಂದ ಪಾಟ್‌ಗಳು ಕಳೆದುಕೊಂಡುದೂ ಉಂಟು. ನಾಡಿನಿಂದ ನಾಡಿಗೆ ಇದ್ದ ಪಾಠಭೇದಗಳ ನಡುವೆ ಅಚ್ಚಾದ ಪಾಠವೇ ಪ್ರಮಾಣವಾಗಿ ನಿಲ್ಲುವುದು ಸಹಜ. ಹೊಸ ಹಾಡುಗಾರರು ಹಿರಿಯರ ಬದಲು ಪುಸ್ತಕವನ್ನು ಆಶ್ರಯಿಸಿದಾಗ ಎರಡನೆಯ ಜೋಡಿಯ ತಿದ್ದುವ ಕೆಲಸವನ್ನು ಅಚ್ಚಿನ ಮೊಳೆಗಳೇ ವಹಿಸಿಕೊಳ್ಳುತ್ತವೆ. ಆದರೂ ಅದು ಇಲ್ಲದಿದ್ದರೆ ಏನು ಉಳಿಯುತ್ತಿತ್ತು ಎಂಬ ಪ್ರಶ್ನೆಯ ಎದುರು ಈ ದೋಷ ಚಿಕ್ಕದು. 2001ರ ಜನಗಣತಿಯಲ್ಲಿ ಕೊಡವ ಭಾಷೆಯನ್ನು ತಾಯ್ನುಡಿಯೆಂದು ಬರೆಸಿದವರು 1,66,187 ಮಂದಿ, 2011ರಲ್ಲಿ 1,13,857. ಬರೆಸುವವರ, ಬರೆದುಕೊಳ್ಳುವವರ ಅಭ್ಯಾಸಗಳೂ ಈ ಅಂತರದಲ್ಲಿ ಸೇರಿರಬಹುದು. ಅದನ್ನೆಲ್ಲ ಕಳೆದರೂ ಅಂಕಿಯಲ್ಲಿ ನೆಮ್ಮದಿ ಕಾಣುವಂತಿಲ್ಲ.

ಈಗ ಮನೆತನದ ಪುಸ್ತಕಗಳಿಗೆ ಬರೋಣ. ಇವುಗಳನ್ನು ಬರೆದವರು ಹೆಚ್ಚಾಗಿ ನಿವೃತ್ತ ಅಧಿಕಾರಿಗಳು, ಅಧ್ಯಾಪಕರು, ಸೈನಿಕರು. ಅವರ ಶ್ರಮದ ಬಗ್ಗೆ ನಮಗೆ ಗೌರವವಿದೆ. ಸ್ವಂತ ಖರ್ಚಿನಲ್ಲಿ ಬಸ್ಸು ಹತ್ತಿ, ಊರೂರು ಅಲೆದು, ಉತ್ತರ ಬಾರದ ಪತ್ರಗಳನ್ನು ಮತ್ತೆ ಮತ್ತೆ ಬರೆದು ಹೆಸರುಗಳನ್ನು ಕೂಡಿಹಾಕಿದವರು ಅವರು. ಟೀಕಿಸುವ ನಾವು ಅಷ್ಟು ನಡೆದವರಲ್ಲ. ಆದರೂ ಪುಸ್ತಕಗಳ ರಚನೆಯನ್ನು ನಿರ್ಧರಿಸಿದ್ದು ಏನೆಂದು ಕೇಳಲೇಬೇಕು. ನಮಗೆ ತೋರುವಂತೆ ಅದು ಭೂದಾಖಲೆ. ಕೊಡಗಿನ ಜಮ್ಮ ಹಿಡುವಳಿ ಒಕ್ಕದ ಹೆಸರಿನಲ್ಲಿದ್ದು, ದಫ್ತರದಲ್ಲಿ ಹಿರಿಯನೊಬ್ಬನು ಪಟ್ಟೇದಾರನಾಗಿ ನಮೂದಾಗುತ್ತಾನೆ. ಅವನ ನಂತರ ಇನ್ನೊಬ್ಬನು. ಪಟ್ಟೇದಾರರ ಈ ಸಾಲನ್ನು ಬೆನ್ನೆಲುಬಾಗಿಟ್ಟು ಅದಕ್ಕೆ ಕೊಂಬೆಗಳನ್ನು ಸೇರಿಸಿದರೆ ವಂಶವೃಕ್ಷ ಸಿದ್ಧವಾಗುತ್ತದೆ. ಹೀಗೆ ಸಿದ್ಧವಾದ ವೃಕ್ಷದಲ್ಲಿ ದಫ್ತರಕ್ಕೆ ಬೇಡವಾದವರು ಕಥನಕ್ಕೂ ಬೇಡವಾಗುತ್ತಾರೆ.

ಇದಕ್ಕೆ ಹೆಣ್ಣುಮಕ್ಕಳ ಸ್ಥಿತಿಯನ್ನು ನೋಡಿದರೆ ಸಾಕು. ಮಗಳ ಹೆಸರು ಕೊಂಬೆಯ ತುದಿಯ ಎಲೆಯಾಗಿ ನಿಲ್ಲುತ್ತದೆ; ಅವಳು ಸೇರಿದ ಒಕ್ಕದ ಹೆಸರು ಆವರಣದಲ್ಲಿ. ಸೊಸೆಯ ಹೆಸರು ಗಂಡನ ಹೆಸರಿನ ಪಕ್ಕದಲ್ಲಿ ಬರುತ್ತದೆ, ಜೊತೆಗೆ ಅವಳ ತಾಮನೆ, ಅಂದರೆ ತವರಿನ ಒಕ್ಕ. ನಾವು ಒಮ್ಮೆ ಕುತೂಹಲಕ್ಕೆ, ಪರಸ್ಪರ ಕೊಟ್ಟು ತಂದುಕೊಂಡ ಎರಡು ಒಕ್ಕಗಳ ಪುಸ್ತಕಗಳನ್ನು ಒಟ್ಟಿಗೆ ತೆರೆದಿಟ್ಟು, ಎರಡರಲ್ಲಿಯೂ ಬರುವ ಹೆಣ್ಣುಮಕ್ಕಳನ್ನು ಹುಡುಕಿದೆವು. ತವರಿನ ಪುಸ್ತಕದಲ್ಲಿ ಒಬ್ಬಾಕೆಗೆ ಮನೆಯಲ್ಲಿ ಕರೆಯುವ ಹೆಸರು, ಗಂಡನ ಮನೆಯ ಪುಸ್ತಕದಲ್ಲಿ ಶಾಲೆಯ ಹೆಸರು. ಇನ್ನೊಬ್ಬಾಕೆ ತವರಿನ ಪುಸ್ತಕದಲ್ಲಿ ಮೂವರಲ್ಲಿ ಕಿರಿಯವಳು. ಗಂಡನ ಮನೆಯ ಪುಸ್ತಕದಲ್ಲಿ ಅವಳ ತಾಮನೆಯೇ ತಪ್ಪಾಗಿ ಅಚ್ಚಾಗಿದೆ. ಎರಡೂ ಪುಸ್ತಕಗಳನ್ನು ಸೇರಿಸಿ ಓದಿದರೂ ಅವರಲ್ಲಿ ಒಬ್ಬಳ ಬದುಕಿನ ಬಗ್ಗೆಯಾದರೂ ಒಂದು ಪೂರ್ಣ ವಾಕ್ಯ ನಮಗೆ ದೊರೆಯಲಿಲ್ಲ. ಹನ್ನೊಂದು ಹರಳುಗಳನ್ನು ಎಣಿಸಿ, ನೂರಾರು ಜನರ ಎದುರು ಹಕ್ಕುಗಳನ್ನು ಹೇಳಿಸಿ ಕಳುಹಿಸಿದ ಹೆಣ್ಣುಮಗಳು ಪುಸ್ತಕದಲ್ಲಿ ಆವರಣಚಿಹ್ನೆಯೊಳಗೆ ಉಳಿದಳು. ಮೌಖಿಕ ವಿಧಿ ಅವಳಿಗೆ ಕೊಟ್ಟ ಜಾಗ ಲಿಖಿತ ಗ್ರಂಥದಲ್ಲಿ ಕುಗ್ಗಿತು. ಬರವಣಿಗೆಯಿಂದ ನೆನಪು ಬೆಳೆಯುತ್ತದೆಂದು ನಂಬಿದವರು ಇದನ್ನು ಯೋಚಿಸಬೇಕು.

ಒಕ್ಕಪರಿಜೆ, ಮಕ್ಕಪರಿಜೆಗಳ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಸಂತತಿ ನಿಲ್ಲುವ ಭಯವಿದ್ದಾಗ ಮಗಳ ಮೂಲಕವೇ ಒಕ್ಕದ ಹೆಸರನ್ನು ಮುಂದುವರಿಸಲು ಕೊಡವರ ಪದ್ಧತಿಯಲ್ಲಿ ಮಾರ್ಗಗಳಿದ್ದವು. ಕಥೆಗಾರನಿಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೆ? ಮನೆಗೆ ಬಂದ ಅಳಿಯನ ಮನಸ್ಸು, ಹೆಸರು ಉಳಿಸಿದ ಮಗಳು, ತಂದೆಯ ಒಕ್ಕವನ್ನು ಬಿಟ್ಟು ತಾಯಿಯ ಒಕ್ಕವನ್ನು ಹೊತ್ತ ಮಕ್ಕಳು. ನಾವು ನೋಡಿದ ಪುಸ್ತಕಗಳಲ್ಲಿ ಇಂಥ ಜಾಗಗಳನ್ನು ಒಂದು ನಕ್ಷತ್ರಚಿಹ್ನೆಯಿಂದಲೋ ಬರಿಯ ಮೌನದಿಂದಲೋ ದಾಟಲಾಗಿದೆ. ಗೆರೆ ನೆಟ್ಟಗೆ ಇಳಿಯಬೇಕೆಂಬ ಆಸೆ ಸತ್ಯಕ್ಕಿಂತ ಬಲವಾಗಿದೆ.

ಮತ್ತೊಂದು ಮೌನ ಇನ್ನೂ ಗಾಢವಾದುದು. ಐನ್‌ಮನೆಯ ಗದ್ದೆಗಳನ್ನು ಉತ್ತವರು, ಅದರ ಹಬ್ಬಕ್ಕೆ ವಾದ್ಯ ನುಡಿಸಿದವರು, ಅದರ ಬುಟ್ಟಿ ಹೆಣೆದವರು ಒಕ್ಕದವರಾಗಿರಲಿಲ್ಲ. ಕೆಂಬಟ್ಟಿ, ಮೇದ ಮೊದಲಾದ ಸಮುದಾಯಗಳ ಕುಟುಂಬಗಳು ತಲೆಮಾರುಗಳ ಕಾಲ ಮನೆಗಳಿಗೆ ಅಂಟಿಕೊಂಡು ದುಡಿದವು. ಅವರ ಮಾತೂ ಕೊಡವ ತಕ್ಕ್. ಮನೆತನದ ಪುಸ್ತಕಗಳ ಛಾಯಾಚಿತ್ರಗಳಲ್ಲಿ ಅಂಚಿನಲ್ಲಿ ನಿಂತ ಒಬ್ಬಿಬ್ಬರು ಕಾಣುತ್ತಾರೆ; ಚಿತ್ರದ ಕೆಳಗಿನ ಹೆಸರುಗಳ ಸಾಲು ಅವರಿಗಿಂತ ಒಂದು ಹೆಜ್ಜೆ ಮೊದಲೇ ಮುಗಿಯುತ್ತದೆ. ಆ ಕುಟುಂಬಗಳ ಹಿರಿಯರಿಗೆ ಯಜಮಾನರ ಮನೆಯ ಚರಿತ್ರೆ ಯಜಮಾನರಿಗಿಂತ ಚೆನ್ನಾಗಿ ಗೊತ್ತಿರಬಹುದೆಂಬ ಸಂಶಯ ನಮಗಿದೆ. ಅವರನ್ನು ಕೇಳಿದ ಪುಸ್ತಕವೊಂದನ್ನೂ ನಾವು ಕಂಡಿಲ್ಲ.

ಹೊರಗಿನವನ ಬಾಯಲ್ಲಿ ಮನೆಯ ಚರಿತ್ರೆಯನ್ನು ಇಡುವ ಪದ್ಧತಿ ಕೊಡಗಿಗೆ ಮಾತ್ರ ಸೀಮಿತವಲ್ಲ. ಉತ್ತರ ಕರ್ನಾಟಕದ ಒಕ್ಕಲು ಮನೆಗಳಿಗೆ ಸುಗ್ಗಿಯ ನಂತರ ಎತ್ತನ್ನೇರಿ ಬರುವ ಹೆಳವರು ಆ ಮನೆಯ ಪೂರ್ವಜರ ಹೆಸರುಗಳನ್ನು ಸಾಲಾಗಿ ಹೇಳಿ ಕಾಳು ಪಡೆಯುತ್ತಾರೆ. ಕರ್ನಲ್ ಮೆಕೆಂಜಿಯ (1754-1821) ಸಹಾಯಕರು ಊರೂರಿನಿಂದ ಬರೆಸಿಕೊಂಡ ಕೈಫಿಯತ್ತುಗಳಲ್ಲಿಯೂ ಊರಿನ ನೆನಪು ಹೊರಗಿನವನ ಪ್ರಶ್ನೆಗೆ ಉತ್ತರವಾಗಿಯೇ ಮೂಡಿದೆ. ಚೆನ್ನೈಯ ಓದುಗರಿಗೆ ಆ ಹಸ್ತಪ್ರತಿಗಳ ಭಂಡಾರ ನೆರೆಯಲ್ಲಿಯೇ ಇದೆ. ನಮ್ಮ ಕಾಲಕ್ಕೆ ಬಂದರೆ ಎಂ. ಎನ್. ಶ್ರೀನಿವಾಸರ ನಿದರ್ಶನವಿದೆ. ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಅವರ 1952ರ ಗ್ರಂಥ ಒಕ್ಕ, ಅರುವ, ಸಮ್ಮಂದಗಳನ್ನು ಹೊರಗಿನ ವಿದ್ವತ್ತಿಗೆ ಪರಿಚಯಿಸಿತು. ಪಟ್ಟೋಲೆ ಪಳಮೆಯ ಋಣ ಅದರ ಮೇಲೆ ದೊಡ್ಡದು. ಅವರೇ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಮಾಡಿಕೊಂಡ ಟಿಪ್ಪಣಿಗಳ ಸಂಸ್ಕರಿಸಿದ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಆಹುತಿಯಾದವು. ಆಮೇಲೆ ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಹೊರಬಂದಿತು. ಟಿಪ್ಪಣಿಗಳು ಉಳಿದಿದ್ದರೆ ಆ ಹಳ್ಳಿಯ ಜನ ಅಷ್ಟು ಜೀವಂತವಾಗಿ ಎದ್ದುಬರುತ್ತಿದ್ದರೇ ಎಂಬ ಅನುಮಾನ ಅದನ್ನು ಓದುವಾಗ ಬಾರದೆ ಇರುವುದಿಲ್ಲ.

ಪ್ರಕಾರದೊಳಗಿನಿಂದಲೇ ಒಂದು ಉತ್ತರವೂ ಬಂದಿದೆ. ಚಿಣ್ಣಪ್ಪನವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು, ವೃತ್ತಿಯಿಂದ ಸಂಖ್ಯಾಶಾಸ್ತ್ರಜ್ಞರು, 2003ರಲ್ಲಿ ಪಟ್ಟೋಲೆ ಪಳಮೆಯನ್ನು ಇಂಗ್ಲಿಷಿಗೆ ತಂದರು. ಬಳಿಕ ಕೊಡಗಿನ ಉದ್ದಗಲ ಸುತ್ತಿ ಐನ್‌ಮನೆಗಳನ್ನು ದಾಖಲಿಸಿ 2014ರಲ್ಲಿ ‘ಐನ್‌ಮನೆಸ್ ಆಫ್ ಕೊಡಗು’ ಎಂಬ ಗ್ರಂಥವನ್ನು ಪ್ರಕಟಿಸಿದರು. ಕೊಡವರವಲ್ಲದೆ ಇತರ ಸಮುದಾಯಗಳ ಮೂಲಮನೆಗಳಿಗೂ ಅವರು ಹೋದರು ಎಂಬುದು ಮುಖ್ಯ. ಒಂದು ಮನೆಯವರು ಹೇಳಿದ್ದನ್ನು ಇನ್ನೊಂದು ಮನೆಯ ಪಕ್ಕದಲ್ಲಿಟ್ಟಾಗ ತಾನಾಗಿಯೇ ಒಂದು ತೂಕ ಬರುತ್ತದೆ. ಅದು ಮನೆಗಳ ಗ್ರಂಥ, ಕಂಬ, ಕಟ್ಟೆ, ತೊಟ್ಟಿಗಳು ಅಲ್ಲಿ ಮಾತನಾಡುತ್ತವೆ. ಮನುಷ್ಯರ ಜಗಳಗಳು ಅಲ್ಲಿ ಕಡಿಮೆ, ಅದನ್ನು ಅಲ್ಲಿ ನಿರೀಕ್ಷಿಸುವುದೂ ನ್ಯಾಯವಲ್ಲ. ನಮ್ಮ ಕೊರಗು ಬೇರೆ: ಕನ್ನಡ ಲಿಪಿಯಲ್ಲಿ ಆರಂಭವಾದ ಪರಂಪರೆಯ ಉತ್ತರಾರ್ಧವನ್ನು ಇಂಗ್ಲಿಷಿನಲ್ಲಿ ಓದಬೇಕಾಗಿದೆ. ಹೊರನಾಡಿನಲ್ಲಿ ಬೆಳೆದ ಮಕ್ಕಳಿಗೆ ತಲುಪುವ ಭಾಷೆ ಅದೇ ಆಗಿರುವಾಗ ಲೇಖಕರನ್ನು ದೂರುವಂತಿಲ್ಲ.

1997ರಲ್ಲಿ ಕರಡದಲ್ಲಿ 60 ಒಕ್ಕಗಳ ತಂಡಗಳೊಡನೆ ಆರಂಭವಾದ ಕೌಟುಂಬಿಕ ಹಾಕಿ ಪಂದ್ಯಾವಳಿಯನ್ನೂ ಇಲ್ಲಿ ನೆನೆಯಬೇಕು. 2024ರ ವೇಳೆಗೆ ತಂಡಗಳ ಸಂಖ್ಯೆ 360ಕ್ಕೆ ಏರಿತು. ಒಕ್ಕದ ಹೆಸರು ಅಂಗಿಯ ಬೆನ್ನಿನ ಮೇಲೆ ಬಂದಿತು, ಹೆಣ್ಣುಮಕ್ಕಳೂ ಕಣಕ್ಕಿಳಿದರು. ಎಷ್ಟೋ ವರ್ಷ ಊರಿಗೆ ಬಾರದವರನ್ನು ಕರೆತಂದದ್ದು ವಂಶವೃಕ್ಷವಲ್ಲ, ಈ ಆಟ. ವಿದ್ವಾಂಸರು ಇದನ್ನು ಲಘುವಾಗಿ ಕಾಣುವುದು ತಪ್ಪು. ಎದುರು ತಂಡವಿಲ್ಲದೆ ಒಕ್ಕವೊಂದು ತನ್ನಷ್ಟಕ್ಕೆ ಆಡಲಾರದು.

ಮನೆಯ ಮಾತನ್ನು ಹೊರಗಿನವರೇಕೆ ತಿದ್ದಬೇಕೆಂಬ ಆಕ್ಷೇಪಣೆಯನ್ನು ನಾವು ಕೇಳಿದ್ದೇವೆ. ಆಕ್ಷೇಪಣೆ ನಿರಾಧಾರವಲ್ಲ. ಸಾವು, ಹುಚ್ಚು, ಸಾಲ, ಓಡಿಹೋದವರು, ಇವೆಲ್ಲ ಅಚ್ಚಿಗೆ ಬರಬೇಕೆಂದು ಯಾವ ವಿಮರ್ಶಕನೂ ಒತ್ತಾಯಿಸಲಾರ. ಬದುಕಿರುವವರ ನೋವಿಗಿಂತ ಆಕರಸಾಮಗ್ರಿ ದೊಡ್ಡದಲ್ಲ. ಆದರೆ ಅರುವನೂ ಎಲ್ಲವನ್ನೂ ಹೇಳುತ್ತಿರಲಿಲ್ಲ. ಏನನ್ನು ಬಿಡಲಾಗಿದೆ ಎಂಬುದು ಅವನಿಗೆ ತಿಳಿದಿರುತ್ತಿತ್ತು, ಅಷ್ಟೆ. ಇಂದಿನ ಪುಸ್ತಕದಲ್ಲಿ ಬಿಟ್ಟದ್ದು ಯಾವುದು, ತಿಳಿಯದೆ ಹೋದದ್ದು ಯಾವುದು ಎಂಬ ವ್ಯತ್ಯಾಸವೇ ಮುಂದಿನ ಓದುಗನಿಗೆ ಉಳಿಯುವುದಿಲ್ಲ.

ಕಳೆದ ವರ್ಷ ನಮ್ಮ ಪರಿಚಯದ ಕುಟುಂಬವೊಂದು ತನ್ನ ಹಸ್ತಪ್ರತಿಯನ್ನು ಭಾಷೆ ತಿದ್ದಲೆಂದು ನಮ್ಮಲ್ಲಿಗೆ ಕಳುಹಿಸಿತು. ಕಾಗುಣಿತ ತಿದ್ದುವುದಕ್ಕೆ ಮೊದಲು ನಿಮ್ಮ ಅರುವ ಒಕ್ಕದವರಿಗೆ ತೋರಿಸಿರಿ ಎಂದು ನಾವು ಬರೆದೆವು. ಅರುವರು ಯಾರೆಂಬುದನ್ನು ಕಂಡುಹಿಡಿಯುವುದಕ್ಕೇ ಅವರಿಗೆ ಎರಡು ತಿಂಗಳು ಹಿಡಿಯಿತು. ಪ್ರತಿ ಹಿಂದಿರುಗಿ ಬಂದಾಗ ನಾಲ್ಕನೆಯ ತಲೆಮಾರಿನ ಹಾಳೆಯಲ್ಲಿ, ಅಂಚಿನಲ್ಲಿ, ವಯಸ್ಸಾದವರ ನಡುಗುವ ಅಕ್ಷರಗಳಲ್ಲಿ ಇಬ್ಬರು ಹೆಣ್ಣುಮಕ್ಕಳ ಹೆಸರುಗಳು ಸೇರಿದ್ದವು. ಒಬ್ಬಳಿಗೆ ಎದುರಾಗಿ ಅವಳು ಹೋದ ಒಕ್ಕ. ಮತ್ತೊಬ್ಬಳಿಗೆ ಎದುರಾಗಿ, ತಿರುಗಿ ಬಂದಳು, ಮೇಲಿನ ಗದ್ದೆಯನ್ನು ಮೂವತ್ತು ವರ್ಷ ನೋಡಿಕೊಂಡಳು ಎಂದಿತ್ತು.